ಬೆಂಕಿಯ ಸುತ್ತ ಕೂತು ಭಾಷೆ ಕಲಿತವನು

ವಿಮರ್ಶಕರು ತಳ್ಳಿಹಾಕಿದರೂ ನಿಮಗೆ ಮಾತ್ರ ಮತ್ತೆ ಮತ್ತೆ ನೋಡಬೇಕು ಅನ್ನಿಸುವ, ರಾಜರು ಕತ್ತಿಗಳ ಕಾಲದ ಸಿನಿಮಾ ಯಾವುದು, ಅದು ಯಾಕೆ ಇಷ್ಟ ಅಂತ ಕೇಳಿದ್ದೀರಿ. ನನ್ನದು 'ದಿ ಥರ್ಟೀನ್ತ್ ವಾರಿಯರ್'. 1999ರದ್ದು. ಹದಿಮೂರನೇ ಯೋಧ ಅಂತ ಅರ್ಥ. ಹದಿನೈದು ಸಲಕ್ಕಿಂತ ಜಾಸ್ತಿ ನೋಡಿದ್ದೇನೆ. ಹೋದ ತಿಂಗಳೂ ನೋಡಿದೆ.

ನೋಡದವರಿಗಾಗಿ ಕಥೆ ಸ್ವಲ್ಪ ಹೇಳುತ್ತೇನೆ. 10ನೇ ಶತಮಾನ. ಬಾಗ್ದಾದಿನ ಕವಿ ಅಹ್ಮದ್ ಇಬ್ನ್ ಫದ್ಲಾನ್ ಬೇರೆಯವನ ಹೆಂಡತಿಯನ್ನು ಪ್ರೀತಿಸುತ್ತಾನೆ. ವಿಷಯ ಖಲೀಫರ ಕಿವಿಗೆ ಬೀಳುತ್ತದೆ. ರಾಯಭಾರಿ ಅಂತ ಹೆಸರು ಕೊಟ್ಟು ಅವನನ್ನು ದೂರದ ಉತ್ತರಕ್ಕೆ ಅಟ್ಟುತ್ತಾರೆ. ದಾರಿಯಲ್ಲಿ ವೈಕಿಂಗರ, ಅಂದರೆ ಉತ್ತರ ಯುರೋಪಿನ ಕಡಲ ಯೋಧರ, ಬಿಡಾರ ಸಿಗುತ್ತದೆ. ಅಲ್ಲಿಗೆ ಒಬ್ಬ ಹುಡುಗ ಸುದ್ದಿ ತರುತ್ತಾನೆ: ನಮ್ಮ ಊರಿಗೆ ಮಂಜಿನ ಜೊತೆ ಏನೋ ಬರುತ್ತಿದೆ, ಜನರನ್ನು ತಿನ್ನುತ್ತಿದೆ, ಕಾಪಾಡಿ. ಒಬ್ಬ ಮುದುಕಿ ಮೂಳೆ ಚೆಲ್ಲಿ ಶಕುನ ನೋಡುತ್ತಾಳೆ. ಹದಿಮೂರು ಜನ ಹೋಗಬೇಕು, ಹದಿಮೂರನೆಯವನು ಉತ್ತರದವನಾಗಿರಬಾರದು ಅನ್ನುತ್ತಾಳೆ. ಎಲ್ಲರೂ ಅಹ್ಮದನ ಕಡೆ ತಿರುಗುತ್ತಾರೆ. ಆ ಪಾತ್ರ ಮಾಡಿರುವುದು ಆಂಟೋನಿಯೊ ಬಂಡೇರಾಸ್.

ಬೈದವರು ಹೇಳಿದ್ದರಲ್ಲಿ ತುಂಬಾ ನಿಜ ಇದೆ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಇದರ ನಿರ್ದೇಶಕ ಜಾನ್ ಮೆಕ್‌ಟೀರ್ನನ್, 'ಪ್ರೆಡೇಟರ್', 'ಡೈ ಹಾರ್ಡ್' ಮಾಡಿದವರು. ಕಥೆ ಮೈಕಲ್ ಕ್ರೈಟನ್ 1976ರಲ್ಲಿ ಬರೆದ 'ಈಟರ್ಸ್ ಆಫ್ ದಿ ಡೆಡ್' ಕಾದಂಬರಿಯದ್ದು. 1997ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಕಾಡುಗಳಲ್ಲಿ ಶೂಟಿಂಗ್ ಆಯಿತು. ಬಿಡುಗಡೆಗೆ ಮುಂಚೆ ಕೆಲವರಿಗೆ ತೋರಿಸಿದಾಗ ಅವರಿಗೆ ಹಿಡಿಸಲಿಲ್ಲ. ಕ್ರೈಟನ್ ತಾವೇ ನಿಂತು ಕೆಲವು ಭಾಗ ಮತ್ತೆ ಶೂಟ್ ಮಾಡಿದರು. ಹೆಸರು ಬದಲಾಯಿತು. ಗ್ರೇಮ್ ರೆವೆಲ್ ಮಾಡಿದ್ದ ಸಂಗೀತ ಪೂರ್ತಿ ತೆಗೆದು ಜೆರಿ ಗೋಲ್ಡ್‌ಸ್ಮಿತ್ ಕೈಲಿ ಹೊಸದಾಗಿ ಮಾಡಿಸಿದರು. ಥಿಯೇಟರಿಗೆ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಖರ್ಚು ನೂರು ಮಿಲಿಯನ್ ಡಾಲರ್ ದಾಟಿದೆ ಅಂತ ಆಗಲೇ ಸುದ್ದಿಯಾಗಿತ್ತು, ಇಡೀ ಪ್ರಪಂಚದಲ್ಲಿ ಗಳಿಸಿದ್ದು ಸುಮಾರು 62 ಮಿಲಿಯನ್. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಒಂದೂವರೆ ಸ್ಟಾರ್ ಕೊಟ್ಟರು. ಇದರಲ್ಲಿ ಸಣ್ಣ ಪಾತ್ರ ಮಾಡಿದ ಒಮರ್ ಶರೀಫ್ ಅಂತೂ ಇದಾದ ಮೇಲೆ ಇಂಥ ಸಿನಿಮಾ ಸಾಕು ಅಂತ ಕೆಲವು ವರ್ಷ ನಟನೆಯಿಂದಲೇ ದೂರ ಉಳಿದರು.

ಎರಡು ಕೈ ಬಿದ್ದ ಬಟ್ಟೆಯಲ್ಲಿ ಹೊಲಿಗೆ ಕಾಣುತ್ತದೆ ಅಲ್ವಾ, ಇಲ್ಲೂ ಹಾಗೇ. ಕಾಪಾಡಿ ಅಂತ ಕೇಳಿದ ಆ ಊರಿನ ಮುದಿ ರಾಜನ ಮಗ ಏನೋ ಸಂಚು ಮಾಡುತ್ತಿದ್ದಾನೆ ಅಂತ ಅರ್ಧ ಗಂಟೆ ಕಟ್ಟುತ್ತಾರೆ. ಅವನನ್ನು ಹೆದರಿಸಲು ಹದಿಮೂರು ಜನರಲ್ಲಿ ಒಬ್ಬನಾದ ಹೆರ್ಗರ್ ಒಂದು ದ್ವಂದ್ವ ಯುದ್ಧ ಮಾಡುತ್ತಾನೆ, ಬೇಕಂತಲೇ ಸೋಲುವವನ ಥರ ಆಡಿ ಕೊನೆಗೆ ಒಂದೇ ಏಟಿಗೆ ಎದುರಾಳಿಯನ್ನು ಮುಗಿಸುತ್ತಾನೆ. ಅದ್ಭುತ ದೃಶ್ಯ. ಆದರೆ ಆಮೇಲೆ ಆ ರಾಜಕುಮಾರನ ಸಂಚು ಏನಾಯಿತು? ಉತ್ತರವೇ ಇಲ್ಲ. ಓಲ್ಗಾ ಅನ್ನುವ ಹುಡುಗಿ ಜೊತೆ ಅಹ್ಮದನ ಪ್ರೀತಿ ಶುರುವಾಗುತ್ತದೆ, ಶುರುವಾದಲ್ಲೇ ನಿಲ್ಲುತ್ತದೆ. ಹದಿಮೂರು ಜನರಲ್ಲಿ ಅರ್ಧದಷ್ಟು ಜನರ ಹೆಸರು ನನಗೆ ಇಷ್ಟು ಸಲ ನೋಡಿದರೂ ಬಾಯಿಗೆ ಬರುವುದಿಲ್ಲ, ಯಾಕೆಂದರೆ ಹೆಸರು ಹಿಡಿಯುವಷ್ಟು ಹೊತ್ತು ಅವರನ್ನು ತೋರಿಸುವುದೇ ಇಲ್ಲ. ಇನ್ನು ವೇಷಭೂಷಣ. ಒಬ್ಬನ ತಲೆ ಮೇಲೆ 16ನೇ ಶತಮಾನದ ಸ್ಪೇನಿನ ಸೈನಿಕರು ಹಾಕುತ್ತಿದ್ದ ಥರದ ಶಿರಸ್ತ್ರಾಣ. ಇನ್ನೊಬ್ಬನದು ರೋಮಿನ ಗ್ಲಾಡಿಯೇಟರ್ ಹಾಕುವಂಥದ್ದು. ಇತಿಹಾಸ ಓದಿದವರಿಗೆ ಸಿಟ್ಟು ಬರುವುದು ಸಹಜ.

ಆದರೂ ನಾನು ಈ ಸಿನಿಮಾದ ಪರ. ಯಾಕೆ ಅಂದರೆ, ಇವರೆಲ್ಲ ಇದನ್ನು ಯುದ್ಧದ ಸಿನಿಮಾ ಅಂತ ನೋಡಿ ಅಳೆದರು. ನನಗೆ ಇದು ಕಿವಿಗೊಟ್ಟು ಕೇಳುವವನ ಸಿನಿಮಾ. ಗೊತ್ತಿಲ್ಲದ ಜನರ ಮಧ್ಯೆ ಸಿಕ್ಕಿಕೊಂಡ ಒಬ್ಬ ಓದಿದ ಮನುಷ್ಯ ಅವರ ಮಾತು ಕಲಿತು, ಅವರೊಳಗೆ ಒಬ್ಬನಾಗಿ, ಕೊನೆಗೆ ಅವರ ಕಥೆ ಬರೆದಿಟ್ಟ, ಅಷ್ಟೇ. ಆ ಎಳೆ ಮಾತ್ರ ಎಲ್ಲೂ ಹರಿದಿಲ್ಲ, ಎಷ್ಟು ಕತ್ತರಿ ಆಡಿಸಿದರೂ.

ಬೆಂಕಿಯ ದೃಶ್ಯ ಹೇಳುತ್ತೇನೆ. ಪಯಣದ ಶುರುವಿನಲ್ಲಿ ಅಹ್ಮದನಿಗೆ ಅವರ ಭಾಷೆಯ ಒಂದು ಅಕ್ಷರವೂ ಗೊತ್ತಿಲ್ಲ. ಅವರಲ್ಲಿ ಹೆರ್ಗರ್ ಒಬ್ಬನಿಗೆ ಲ್ಯಾಟಿನ್ ಬರುತ್ತದೆ, ಏನಾದರೂ ಹೇಳಬೇಕೆಂದರೆ ಅವನ ಮೂಲಕವೇ. ರಾತ್ರಿ ಬೆಂಕಿ ಹಾಕಿಕೊಂಡು ಹನ್ನೆರಡು ಜನ ಹರಟೆ ಹೊಡೆಯುತ್ತಾರೆ, ನಗುತ್ತಾರೆ. ಇವನು ಒಂದು ಪಕ್ಕದಲ್ಲಿ ಸುಮ್ನೆ ಕೂತಿರುತ್ತಾನೆ. ನಮಗೂ ಕೇಳಿಸುವುದು ನಾರ್ವೆ ಕಡೆಯ ಭಾಷೆಯೇ, ಏನೂ ಅರ್ಥವಾಗುವುದಿಲ್ಲ. ಕ್ಯಾಮೆರಾ ಅವರ ಬಾಯಿಯ ಹತ್ತಿರ ಹೋಗುತ್ತದೆ. ತುಟಿ ಹೇಗೆ ಆಡುತ್ತದೆ ಅಂತ ಇವನು ನೋಡುತ್ತಾನೆ. ಮರುದಿನ ಕುದುರೆ ಸವಾರಿ, ಮಳೆ, ಮತ್ತೆ ರಾತ್ರಿ, ಮತ್ತೆ ಬೆಂಕಿ. ಈಗ ಆ ಗೊತ್ತಿಲ್ಲದ ಮಾತಿನ ನಡುವೆ ಒಂದು ಇಂಗ್ಲಿಷ್ ಪದ. ಅವನಿಗೆ ಆ ಪದ ಅರ್ಥವಾಯಿತು ಅಂತ ಲೆಕ್ಕ. ಇನ್ನೊಂದು ರಾತ್ರಿ ಎರಡು ಮೂರು ಪದ. ಆಮೇಲೆ ಅರ್ಧ ವಾಕ್ಯ. ಮಾತು ಮೆಲ್ಲಗೆ ತಿಳಿಯಾಗುತ್ತಾ ಬರುತ್ತದೆ, ಕೆಸರು ನೀರು ಕೊಡದಲ್ಲಿ ಕೂತು ತಿಳಿಯಾಗುವ ಹಾಗೆ. ಕೊನೆಗೆ ಒಬ್ಬ ಇವನಿಗೆ ಏನೂ ಗೊತ್ತಾಗಲ್ಲ ಅಂದುಕೊಂಡು ಇವನ ತಾಯಿಯ ಬಗ್ಗೆ ಕೊಳಕು ಮಾತಾಡುತ್ತಾನೆ. ಅಹ್ಮದ್ ಅವರದೇ ಭಾಷೆಯಲ್ಲಿ, ಒಂದೊಂದೇ ಪದ ಹುಡುಕಿ, ನನ್ನ ತಾಯಿ ಒಳ್ಳೇ ಮನೆತನದ ಹೆಂಗಸು ಅಂತ ಶುರುಮಾಡಿ ಅವನಿಗೆ ಸರಿಯಾಗಿ ತಿರುಗಿಸಿ ಬೈಯುತ್ತಾನೆ. ಎಲ್ಲರೂ ಗರ ಬಡಿದವರ ಹಾಗೆ ಕೂರುತ್ತಾರೆ. ನಮ್ಮ ಮಾತು ಎಲ್ಲಿ ಕಲಿತೆ ಅಂತ ಕೇಳುತ್ತಾರೆ. ಕೇಳಿಸಿಕೊಂಡೆ, ಅಂತಾನೆ.

ಇಷ್ಟಕ್ಕೆ ಮೂರ್ನಾಲ್ಕು ನಿಮಿಷ ಸಾಕಾಗಿದೆ. ಒಬ್ಬ ಭಾಷೆ ಕಲಿಯುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೆ ಸಿನಿಮಾ ನಾನು ನೋಡಿಲ್ಲ.

ಇದು ನನಗೆ ಯಾಕೆ ಇಷ್ಟು ತಟ್ಟಿತು ಅಂತ ಹೇಳಲೇಬೇಕು. ನಾನು ತಿಪಟೂರಿನ ಕಡೆಯವನು. ಐಟಿಐ ಮುಗಿಸಿ 2003ರಲ್ಲಿ ಪುಣೆಯ ಭೋಸರಿಯಲ್ಲಿ ಒಂದು ವರ್ಕ್‌ಶಾಪಿಗೆ ಸೇರಿದೆ. ಮರಾಠಿ ಗೊತ್ತಿಲ್ಲ, ಹಿಂದಿ ಶಾಲೆಯಲ್ಲಿ ಓದಿದಷ್ಟೇ. ಮಧ್ಯಾಹ್ನ ಎಂಟು ಜನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದರು, ನಾನು ಕೊನೆಯಲ್ಲಿ ಕೂರುತ್ತಿದ್ದೆ. ರಾತ್ರಿ ಊಟ ಹತ್ತಿರದ ಮೆಸ್ಸಿನಲ್ಲಿ. ಆ ಮೆಸ್ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ 'ತಾಈ' ಅಂತ ಕರೆಯುತ್ತಿದ್ದರು. ನಾನು ತಾಯಿ ಅಂದುಕೊಂಡೆ. ಇಷ್ಟು ಜನ ಗಂಡಸರು ಅನ್ನ ಹಾಕುವವಳನ್ನು ತಾಯಿ ಅಂತ ಕರೆಯುತ್ತಾರಲ್ಲ, ಎಂಥ ಒಳ್ಳೇ ಊರಪ್ಪಾ ಅನ್ನಿಸಿತ್ತು. ಮರಾಠಿಯಲ್ಲಿ ಅದು ಅಕ್ಕ ಅಂತ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ. ಆಮೇಲೂ ನನ್ನ ಬಾಯಲ್ಲಿ ಅದು ತಾಯಿ ಅಂತಲೇ ಬರುತ್ತಿತ್ತು.

ಮೊದಲು ಊಟದ ಪದಗಳು ಬಂದವು. ಮೀಠ ಅಂದರೆ ಉಪ್ಪು, ಸಿಹಿ ಅಲ್ಲ. ಆಮೇಲೆ ಕೆಲಸದ ಪದಗಳು. ಒಂದು ದಿನ ಡಬ್ಬಿ ಹೊತ್ತಿನಲ್ಲಿ ಒಬ್ಬರು ನನ್ನ ಕಡೆ ನೋಡಿ ಪಕ್ಕದವರಿಗೆ "ಹ್ಯಾಲಾ ಕಾಹೀ ಕಳತ ನಾಹೀ" ಅಂದರು. ಇವನಿಗೆ ಏನೂ ತಿಳಿಯಲ್ಲ ಅಂತ. ನನಗೆ ಪೂರ್ತಿ ಅರ್ಥವಾಯಿತು. ಬಾಯಿ ತಾನಾಗಿ ತೆರೆದು "ಮಲಾ ಸಗಳಂ ಕಳತಂ" ಅಂದುಬಿಟ್ಟೆ, ನನಗೆ ಎಲ್ಲ ತಿಳಿಯುತ್ತೆ ಅಂತ. ಒಂದು ಕ್ಷಣ ಎಲ್ಲರ ಕೈಯೂ ನಿಂತಿತು. ಆಮೇಲೆ ಹೋ ಅಂತ ನಕ್ಕರು. ಹಾಗೆ ಅಂದವರೇ ತಮ್ಮ ಡಬ್ಬಿಯಿಂದ ಒಂದು ಭಾಕರಿ, ಅಂದರೆ ರೊಟ್ಟಿ, ಮೇಲೆ ಒಂದಿಷ್ಟು ಠೇಚಾ ಅನ್ನುವ ಮೆಣಸಿನಕಾಯಿ ಚಟ್ನಿ ಇಟ್ಟು ನನ್ನ ಕಡೆ ತಳ್ಳಿದರು. ಅವತ್ತಿನವರೆಗೆ ನಾನು ಅವರಿಗೆ ಬರೀ 'ಮದ್ರಾಸಿ'. ಮಾರನೇ ದಿನದಿಂದ ಹೆಸರು ಹಿಡಿದು ಕರೆದರು.

ಇದಾಗಿ ವರ್ಷದ ಮೇಲೆ ರೂಮಿನಲ್ಲಿ ಒಬ್ಬ ತಂದ ಸೀಡಿಯಲ್ಲಿ ಈ ಸಿನಿಮಾ ನೋಡಿದೆ. ಬೆಂಕಿಯ ದೃಶ್ಯ ಬಂದಾಗ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವನಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ಸಿನಿಮಾದಲ್ಲೂ ಹೆಸರಿನ ಒಂದು ವಿಷಯ ಇದೆ. ಅಹ್ಮದ್ ತನ್ನ ಪೂರ್ತಿ ಹೆಸರು ಹೇಳುತ್ತಾನೆ, ಅಪ್ಪ ಅಜ್ಜ ಮುತ್ತಜ್ಜ ಎಲ್ಲ ಸೇರಿಸಿ. ಹೆರ್ಗರ್ ಅದರಲ್ಲಿ ಕೇಳಿಸಿದ 'ಇಬ್ನ್' ಅನ್ನುವ ಒಂದೇ ತುಂಡು ಹಿಡಿದು 'ಎಬೆನ್' ಅಂತ ಕರೆಯುತ್ತಾನೆ. ಇಬ್ನ್ ಅಂದರೆ ಮಗ. ಆಮೇಲೆ ಅದೇ ಹೆರ್ಗರ್ ಬಾಯಲ್ಲಿ ಅವನು 'ಪುಟ್ಟ ತಮ್ಮ' ಆಗುತ್ತಾನೆ.

ಕತ್ತಿಯ ದೃಶ್ಯದ ಬಗ್ಗೆಯೂ ಹೇಳುತ್ತೇನೆ, ಇದು ನನ್ನ ಕಸುಬಿನ ವಿಷಯ. ಅಹ್ಮದನಿಗೆ ವೈಕಿಂಗರ ದಪ್ಪ ಕತ್ತಿ ಕೊಡುತ್ತಾರೆ. ಎತ್ತಲಾಗುತ್ತಿಲ್ಲ ಅಂದರೆ, ಶಕ್ತಿ ಬೆಳೆಸಿಕೋ ಅಂತಾರೆ. ಇವನು ಅದನ್ನು ಸಾಣೆಕಲ್ಲಿಗೆ ಹಿಡಿದು ಕಿಡಿ ಹಾರಿಸಿ ತೆಳ್ಳಗೆ, ಬಾಗಿದ ಕತ್ತಿ ಮಾಡಿಕೊಳ್ಳುತ್ತಾನೆ. ತಿಳಿದವರು ಇದಕ್ಕೂ ಬೈದಿದ್ದಾರೆ. ಅವರು ಹೇಳುವುದು ಸರಿ. ಆ ಕಾಲದ ಅರಬರ ಕತ್ತಿಗಳೂ ಹೆಚ್ಚಾಗಿ ನೇರವಾಗಿಯೇ ಇದ್ದವು. ಅಷ್ಟು ಉಕ್ಕನ್ನು ಸಾಣೆಯಲ್ಲಿ ತೆಗೆದರೆ ಕತ್ತಿ ಕಾಯುತ್ತದೆ, ಅಂಚು ನೀಲಿ ಬಣ್ಣಕ್ಕೆ ತಿರುಗುತ್ತದೆ, ನೀಲಿಯಾಯಿತು ಅಂದರೆ ಗಡಸು ಹೋಯಿತು ಅಂತಲೇ ಅರ್ಥ. ನಾನು ಟೂಲ್ ರೂಮಿನಲ್ಲಿ ದಿನಕ್ಕೆ ಹತ್ತು ಸಲ ಟೂಲನ್ನು ನೀರಿಗೆ ಅದ್ದಿ ಅದ್ದಿ ಹಿಡಿದವನು, ನನಗೆ ಆ ಕಿಡಿ ನೋಡಿದಾಗ ನಿಧಾನ ಮಾರಾಯಾ ಅಂತ ಕೂಗಬೇಕು ಅನ್ನಿಸುತ್ತದೆ. ಆದರೆ ಲೇತ್ ಮೇಲೆ ಕೆಲಸ ಮಾಡುವ ಒಬ್ಬೊಬ್ಬ ಟರ್ನರ್ ಕೂಡ ತನ್ನ ಟೂಲನ್ನು ತನ್ನ ಕೈಗೆ ಒಗ್ಗುವ ಹಾಗೇ ಸಾಣೆ ಹಿಡಿದುಕೊಳ್ಳುತ್ತಾನೆ, ಬೇರೆಯವರ ಟೂಲ್ ಮುಟ್ಟುವುದಿಲ್ಲ. ಅವರು ಕೊಟ್ಟಿದ್ದನ್ನು ಎಸೆಯಲಿಲ್ಲ, ತನ್ನ ಕೈಗೆ ತಕ್ಕ ಹಾಗೆ ಮಾಡಿಕೊಂಡ. ಅವನು ಭಾಷೆಯ ಜೊತೆ ಮಾಡಿದ್ದೂ ಅದನ್ನೇ.

ಇನ್ನು ಇಬ್ನ್ ಫದ್ಲಾನ್ ನಿಜವಾಗಿ ಇದ್ದವನು. ಇದು ತುಂಬಾ ಜನರಿಗೆ ಗೊತ್ತಿಲ್ಲ. 921ರ ಜೂನ್‌ನಲ್ಲಿ ಖಲೀಫ ಅಲ್ ಮುಕ್ತದಿರ್ ಕಳಿಸಿದ ತಂಡದ ಜೊತೆ ಬಾಗ್ದಾದ್ ಬಿಟ್ಟು, 922ರ ಮೇನಲ್ಲಿ ಈಗಿನ ರಷ್ಯಾದ ವೋಲ್ಗಾ ನದಿಯ ಬುಲ್ಗಾರರ ರಾಜನ ಬಳಿ ತಲುಪಿದ. ಆ ರಾಜ ಧರ್ಮ ಕಲಿಸುವವರನ್ನೂ, ಕೋಟೆ ಕಟ್ಟಲು ಹಣವನ್ನೂ ಕೇಳಿದ್ದ. ಕಲಿಸುವವರು ಬಂದರು, ಹಣ ಬರಲಿಲ್ಲ. ಆ ನದಿ ದಡದಲ್ಲಿ ಇಬ್ನ್ ಫದ್ಲಾನ್ 'ರುಸ್' ಅನ್ನುವ ಉತ್ತರದ ವ್ಯಾಪಾರಿಗಳನ್ನು ನೋಡಿದ. ನೋಡಿದ್ದನ್ನು ನೋಡಿದ ಹಾಗೆ ಬರೆದ. ಖರ್ಜೂರದ ಮರದಷ್ಟು ಎತ್ತರ, ಇಂಥ ಮೈಕಟ್ಟು ನಾನು ಎಲ್ಲೂ ಕಂಡಿಲ್ಲ ಅಂತ ಹೊಗಳಿದ. ಒಂದೇ ಬಟ್ಟಲಿನ ನೀರಲ್ಲಿ ಒಬ್ಬರಾದ ಮೇಲೆ ಒಬ್ಬರು ಮುಖ ತೊಳೆದು ಸೀನಿ ಉಗಿಯುವುದನ್ನು ನೋಡಿ ಅಸಹ್ಯಪಟ್ಟುಕೊಂಡ. ಅದನ್ನೂ ಬರೆದ. ಆ ಬಟ್ಟಲು ಸಿನಿಮಾದಲ್ಲೂ ಇದೆ. ಅವನ ಬರಹದ ದೊಡ್ಡ ಭಾಗ ಇದ್ದ ಹಸ್ತಪ್ರತಿ 1923ರಲ್ಲಿ ಇರಾನಿನ ಮಶ್‌ಹದ್‌ನಲ್ಲಿ ಸಿಕ್ಕಿತು, ಪತ್ತೆ ಮಾಡಿದ್ದು ಜೆಕಿ ವೆಲಿದಿ ತೋಗನ್ ಅನ್ನುವ ವಿದ್ವಾಂಸರು. ಅವನು ಉತ್ತರದ ಸಮುದ್ರ ದಾಟಿ ಯುದ್ಧ ಮಾಡಿದ್ದೆಲ್ಲ ಕ್ರೈಟನ್ ಕಲ್ಪನೆ. ಹಳೇ ಇಂಗ್ಲಿಷಿನ 'ಬೇಯೊವುಲ್ಫ್' ಕಾವ್ಯವನ್ನು ತಂದು ಈ ಪ್ರವಾಸಕ್ಕೆ ಕಸಿ ಮಾಡಿದ್ದಾರೆ.

ಯುದ್ಧಕ್ಕೆ ಮುಂಚೆ ಆ ವೈಕಿಂಗರು ಹೇಳುವ ಒಂದು ಪ್ರಾರ್ಥನೆ ಇದೆ. ಅಗೋ ನನ್ನ ತಂದೆ ಕಾಣುತ್ತಿದ್ದಾನೆ, ತಾಯಿ ಕಾಣುತ್ತಿದ್ದಾಳೆ, ನನ್ನವರೆಲ್ಲ ಸಾಲಾಗಿ ಕೂತು ನನ್ನನ್ನು ಕರೆಯುತ್ತಿದ್ದಾರೆ ಅನ್ನುವ ಅರ್ಥದ್ದು. ಸಿನಿಮಾದವರು ಸುಮ್ನೆ ಹೊಸೆದಿದ್ದು ಅಂದುಕೊಂಡಿದ್ದೆ. ಅಲ್ಲ. ರುಸ್ ಒಡೆಯನೊಬ್ಬ ಸತ್ತಾಗ ದೋಣಿಯಲ್ಲಿಟ್ಟು ಸುಡುವುದನ್ನು ಇಬ್ನ್ ಫದ್ಲಾನ್ ಕಣ್ಣಾರೆ ನೋಡಿದ. ಒಡೆಯನ ಜೊತೆ ಒಬ್ಬ ದಾಸಿ ಹುಡುಗಿಯನ್ನೂ ಕೊಲ್ಲುತ್ತಾರೆ. ಅದಕ್ಕೆ ಮುಂಚೆ ಬಾಗಿಲ ಚೌಕಟ್ಟಿನಂಥ ಒಂದರ ಮೇಲಿಂದ ನೋಡುವ ಹಾಗೆ ಅವಳನ್ನು ಮೂರು ಸಲ ಮೇಲೆತ್ತುತ್ತಾರೆ. ಮೊದಲ ಸಲ ನನ್ನ ತಂದೆ ತಾಯಿ ಕಾಣುತ್ತಾರೆ ಅಂದಳು. ಎರಡನೇ ಸಲ ಸತ್ತ ನನ್ನ ಬಂಧುಗಳೆಲ್ಲ ಕೂತಿದ್ದಾರೆ ಅಂದಳು. ಮೂರನೇ ಸಲ, ನನ್ನ ಒಡೆಯ ಹಸಿರಾದ ಸ್ವರ್ಗದಲ್ಲಿ ಕೂತು ಕರೆಯುತ್ತಿದ್ದಾನೆ, ಕಳಿಸಿಕೊಡಿ ಅಂದಳು. ಹೆಸರೂ ಉಳಿಯದ ಆ ಹುಡುಗಿಯ ಮಾತು ಅದು. ಸಾವಿರ ವರ್ಷದ ಮೇಲೆ ಅದನ್ನು ಕತ್ತಿ ಹಿಡಿದ ಗಂಡಸರ ಬಾಯಲ್ಲಿ ಇಟ್ಟಿದ್ದಾರೆ. ಇದು ಗೊತ್ತಾದ ಮೇಲೆ ಆ ಪ್ರಾರ್ಥನೆ ಕೇಳುವಾಗ ಪ್ರತಿ ಸಲವೂ ನನಗೆ ಅವಳೇ ನೆನಪಾಗುತ್ತಾಳೆ.

ಆ ವೈಕಿಂಗರ ನಾಯಕ ಬುಲಿವಿಫ್ ಜಾಸ್ತಿ ಮಾತಾಡುವವನಲ್ಲ. ಅವನು ಅಹ್ಮದನಿಗೆ ಕೇಳುವ ಪ್ರಶ್ನೆ ಒಂದೇ: ನೀನು ಶಬ್ದಗಳನ್ನು ಬರೆಯಬಲ್ಲೆಯಾ? ಅಹ್ಮದ್ ಮರಳಿನ ಮೇಲೆ ಅರಬ್ಬಿಯಲ್ಲಿ ಒಂದು ಸಾಲು ಬರೆದು ಓದಿ ತೋರಿಸುತ್ತಾನೆ, ದೇವರು ಒಬ್ಬನೇ ಅಂತ ಹೇಳುವ ಸಾಲು. ಕೆಲವು ದಿನದ ಮೇಲೆ ಬುಲಿವಿಫ್ ಬಂದು, ನೆನಪಿನಿಂದಲೇ ಅದನ್ನು ಮಣ್ಣಿನಲ್ಲಿ ಬರೆದು, ಓದು ಅಂತಾನೆ. ಅಷ್ಟು ದೊಡ್ಡ ದೇಹದ ಮನುಷ್ಯ, ಅಕ್ಷರಾಭ್ಯಾಸಕ್ಕೆ ಕೂತ ಮಗುವಿನ ಹಾಗೆ ಬಗ್ಗಿ ಒಂದೊಂದೇ ಗೆರೆ ಎಳೆಯುತ್ತಾನೆ. ಅಹ್ಮದ್ ಒಂದು ಚಿಕ್ಕ ತಪ್ಪು ತಿದ್ದುತ್ತಾನೋ ಇಲ್ಲವೋ ಅಂತ ನಾನು ಪ್ರತಿ ಸಲ ಅವನ ಕೈಯನ್ನೇ ನೋಡುತ್ತೇನೆ. ಕೊನೆಗೆ ವಿಷ ಏರಿ ಸಾಯುವ ಹೊತ್ತಿನಲ್ಲಿ ಬುಲಿವಿಫ್ ಕೇಳುವುದೂ ಇದನ್ನೇ. ತನ್ನ ಕೆಲಸಗಳನ್ನು ಯಾರಾದರೂ ಬರೆದಿಟ್ಟರೆ ಅದೇ ಐಶ್ವರ್ಯ ಅಂತಾನೆ. ಆಮೇಲೆ ಮಳೆಯಲ್ಲಿ ಎದ್ದುಬಂದು, ಶತ್ರುಗಳ ನಾಯಕನನ್ನು ಕೊಂದು, ಕೂತಲ್ಲೇ ಪ್ರಾಣ ಬಿಡುತ್ತಾನೆ.

ಕನ್ನಡದವರಿಗೆ ಈ ಆಸೆ ಹೊಸದಲ್ಲ ಅಲ್ವಾ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಮಂಡ್ಯ ಕಡೆಯ ಆತಕೂರಿನ ಕಲ್ಲು ಇದೆ. ಕಾಲ ಸುಮಾರು 949, ಇಬ್ನ್ ಫದ್ಲಾನ್ ವೋಲ್ಗಾ ನೋಡಿ ಮೂವತ್ತು ವರ್ಷವೂ ಆಗಿರಲಿಲ್ಲ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲಂ ಯುದ್ಧದಲ್ಲಿ ಹೋರಾಡಿದ ಮಣಲೇರ ಅನ್ನುವ ಯೋಧ, ತನ್ನ ಒಡೆಯನಿಂದ ಬೇಡಿ ಪಡೆದಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ಕಾಡುಹಂದಿ ಜೊತೆ ಹೊಡೆದಾಡಿ ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿದರು. ಮಗಳನ್ನು ಕರೆದುಕೊಂಡು ಹೋದಾಗ ಆ ನಾಯಿ ಹಂದಿಯ ಕೆತ್ತನೆ ಮುಂದೆ ಅವಳು ತುಂಬಾ ಹೊತ್ತು ನಿಂತಳು. ನಾಯಿ ಹೆಸರು ಅವರಿಗೆ ಹೇಗಪ್ಪಾ ಗೊತ್ತು ಅಂದಳು. ಬರೆದಿದ್ದಾರಲ್ಲ ಮಗಳೇ ಅಂದೆ. ನನಗೆ ಬುಲಿವಿಫ್ ನೆನಪಾದ.

ಹಾಗಾಗಿ ಕಥೆ ಬಿಡಿಬಿಡಿಯಾಗಿದೆ ಅಂದರೆ ಒಪ್ಪುತ್ತೇನೆ. ಪಾತ್ರಗಳಿಗೆ ಆಳವಿಲ್ಲ ಅನ್ನುವವರ ಜೊತೆ ಮಾತ್ರ ವಾದ ಮಾಡುತ್ತೇನೆ, ಯಾಕೆಂದರೆ ಅಹ್ಮದ್, ಹೆರ್ಗರ್, ಬುಲಿವಿಫ್ ಮೂವರ ಮಧ್ಯೆ ಆಗುವುದನ್ನು ಅವರು ನೋಡಿಲ್ಲ, ಅಥವಾ ಕತ್ತಿಯ ಸದ್ದಿನಲ್ಲಿ ಅವರಿಗೆ ಅದು ಕೇಳಿಸಿಲ್ಲ.

ನೀವು ನೋಡುವುದಾದರೆ ಕತ್ತಲಲ್ಲಿ ನೋಡಿ. ಮಂಜಿನ ಬೆಟ್ಟದಿಂದ ಪಂಜುಗಳ ಸಾಲು ಬೆಂಕಿಯ ಹಾವಿನ ಹಾಗೆ ಇಳಿಯುವ ದೃಶ್ಯ ಫೋನಿನ ಸಣ್ಣ ಪರದೆಯಲ್ಲಿ ಏನೂ ಅಲ್ಲ. ಇನ್ನೊಂದು, ಸಬ್‌ಟೈಟಲ್ ಹಾಕಿಕೊಂಡು ನೋಡುವ ಅಭ್ಯಾಸ ಇದ್ದರೆ ಬೆಂಕಿಯ ದೃಶ್ಯ ಶುರುವಾಗುವಾಗ ದಯವಿಟ್ಟು ತೆಗೆದುಬಿಡಿ. ಅವನ ಜೊತೆ ನೀವೂ ಸುಮ್ನೆ ಕೂತು ಕೇಳಿ. ನಿಮಗೆ ಮೊದಲು ಅರ್ಥವಾದ ಪದ ಯಾವುದು ಅಂತ ನೋಡಿದ ಮೇಲೆ ಇಲ್ಲಿ ಬಂದು ಬರೆಯಿರಿ, ಓದಬೇಕು ಅಂತ ನನಗೆ ತುಂಬಾ ಆಸೆ ಇದೆ.